ಬೆಳಗಾವಿಯ ಕೋಟೆ ಯಾರ ಪರ ಸಾಕ್ಷಿ?

(ದುವ್ವಾಡದಲ್ಲಿ ನೆಲೆಸಿರುವ ಕನ್ನಡ ಜೈನ ಕುಟುಂಬಗಳ ಕೂಟದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಇಂದಿನ ವಿಷಯ ಬೆಳಗಾವಿಯ ಕೋಟೆ. ಬಂಗಾಳ ಕೊಲ್ಲಿಯ ಗಾಳಿ ಬೀಸುವ ಈ ಊರಿನಲ್ಲಿ ಕುಳಿತು ಸಹ್ಯಾದ್ರಿಯ ಮಗ್ಗುಲಿನ ಕೋಟೆಯೊಂದರ ಮಾತೇಕೆ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಆದ್ದರಿಂದ ಮಾತನ್ನು ಇಲ್ಲಿಂದಲೇ, ದುವ್ವಾಡಕ್ಕೆ ಹತ್ತಿರದ ಒಂದು ಬೆಟ್ಟದಿಂದ ಆರಂಭಿಸುವುದು ಒಳ್ಳೆಯದು.

ವಿಜಯನಗರಂ ಪಟ್ಟಣದಿಂದ ಹನ್ನೆರಡು ಕಿಲೋಮೀಟರಿನಷ್ಟು ದೂರದಲ್ಲಿ ರಾಮತೀರ್ಥವಿದೆ. ಇದು ಹಂಪೆಯ ವಿಜಯನಗರವಲ್ಲ, ಈ ಕಡೆಯ ವಿಜಯನಗರಂ; ಊರಿನಿಂದ ಫೋನು ಮಾಡುವ ಬಂಧುಗಳಿಗೆ ಇದನ್ನು ಪ್ರತಿಸಲವೂ ಬಿಡಿಸಿ ಹೇಳಬೇಕಾಗುತ್ತದೆ. ಅಲ್ಲಿಯ ಶ್ರೀರಾಮನ ದೇವಾಲಯವನ್ನು ಇಲ್ಲಿರುವ ಬಹುಮಂದಿ ಕಂಡಿದ್ದಾರೆ. ಪಕ್ಕದ ಬೆಟ್ಟಗಳಲ್ಲಿ ಬೌದ್ಧ ಅವಶೇಷಗಳೂ ತೀರ್ಥಂಕರರ ಬಿಂಬಗಳೂ ಇರುವುದನ್ನು ಕಂಡವರು ಕಡಿಮೆ. ದುರ್ಗಕೊಂಡದ ಗುಹೆಯೊಂದರ ಗೋಡೆಯಲ್ಲಿ ಹನ್ನೊಂದನೆಯ ಶತಮಾನದ ಆದಿಭಾಗದ ಶಾಸನವೊಂದಿದೆ. ವೆಂಗಿಯ ಪೂರ್ವ ಚಾಲುಕ್ಯ ದೊರೆ ವಿಮಲಾದಿತ್ಯನ ಕಾಲದ್ದು. ಆ ದೊರೆಗೆ ಗುರುವಾಗಿದ್ದ ದೇಸಿಗಣದ ತ್ರಿಕಾಲಯೋಗಿ ಸಿದ್ಧಾಂತದೇವರು ಈ ರಾಮಕೊಂಡವನ್ನು ವಂದಿಸಿದರು ಎಂಬುದು ಅದರ ತಾತ್ಪರ್ಯ. ಶಾಸನದ ಭಾಷೆ ಕನ್ನಡ. ಇದೇ ವಿಮಲಾದಿತ್ಯನ ಮಗನಾದ ರಾಜರಾಜನರೇಂದ್ರನ ಆಶ್ರಯದಲ್ಲಿಯೇ ನನ್ನಯ್ಯ ತೆಲುಗಿನಲ್ಲಿ ಮಹಾಭಾರತವನ್ನು ಆರಂಭಿಸಿದನು. ತಂದೆಯ ಹೆಸರಿನ ಕಲ್ಲು ಕನ್ನಡದಲ್ಲಿ, ಮಗನ ಆಸ್ಥಾನದ ಕಾವ್ಯ ತೆಲುಗಿನಲ್ಲಿ. ಆ ಕಾಲದ ಯಾರಿಗೂ ಇದರಲ್ಲಿ ವಿರೋಧ ಕಂಡಂತಿಲ್ಲ.

ಈಗ ಒಂದು ಪ್ರಶ್ನೆ. ರಾಮತೀರ್ಥದಲ್ಲಿ ಕನ್ನಡದ ಕಲ್ಲು ಇದೆಯೆಂದು ವಿಜಯನಗರಂ ಜಿಲ್ಲೆ ಕರ್ನಾಟಕಕ್ಕೆ ಸೇರಬೇಕೆಂದು ಯಾರಾದರೂ ಕೇಳಿದ್ದಾರೆಯೇ? ಕೇಳಿದರೆ ನಕ್ಕುಬಿಡುತ್ತೇವೆ. ಆದರೆ ಇದೇ ಬಗೆಯ ವಾದವನ್ನು ಬೆಳಗಾವಿಯ ಕೋಟೆಯ ಮುಂದೆ ನಿಂತು ಮಾಡಿದರೆ ನಗು ಬರುವುದಿಲ್ಲ, ಆವೇಶ ಬರುತ್ತದೆ. ಒಂದೇ ತರ್ಕ ಒಂದು ಕಡೆ ಹಾಸ್ಯವಾಗಿ, ಇನ್ನೊಂದು ಕಡೆ ಪ್ರಮಾಣವಾಗಿ ಕಾಣಿಸುವುದಾದರೆ ಆ ಪ್ರಮಾಣವನ್ನು ಒಮ್ಮೆ ಪರೀಕ್ಷಿಸಬೇಕು. ಪರೀಕ್ಷೆ ಮಾಡುವವರು ಜೈನರೇ ಆಗಬೇಕಾದದ್ದು ಹೆಚ್ಚು ಅಗತ್ಯ. ಏಕೆಂದರೆ ಆ ಕೋಟೆಯ ಹಳೆಯ ಲಿಖಿತ ದಾಖಲೆಗಳಲ್ಲಿ ಮುಖ್ಯವಾದದ್ದು ಒಂದು ಬಸದಿಗೆ ಸೇರಿದ್ದು.

ಸವದತ್ತಿಯ ರಟ್ಟರು ಕೂಂಡಿ ಮೂರುಸಾವಿರ ನಾಡನ್ನು ಆಳಿದವರು. ಮೊದಲು ರಾಷ್ಟ್ರಕೂಟರ, ಆಮೇಲೆ ಕಲ್ಯಾಣದ ಚಾಲುಕ್ಯರ ಕೈಕೆಳಗಿನ ಮಾಂಡಲಿಕರಾಗಿದ್ದು, ಹನ್ನೆರಡನೆಯ ಶತಮಾನದ ಕೊನೆಯಲ್ಲಿ ದೊಡ್ಡ ಸಾಮ್ರಾಜ್ಯಗಳು ಕುಸಿಯುತ್ತಿದ್ದಂತೆ ತಾವೇ ತಲೆಯೆತ್ತಿದರು. ಆ ಮನೆತನದ ನಾಲ್ವಡಿ ಕಾರ್ತವೀರ್ಯನು ತಮ್ಮನಾದ ಮಲ್ಲಿಕಾರ್ಜುನನೊಡನೆ ವೇಣುಗ್ರಾಮದಿಂದ ಆಳಿದನು. ವೇಣುಗ್ರಾಮವೆಂದರೆ ಬಿದಿರಿನ ಊರು, ಇಂದಿನ ಬೆಳಗಾವಿ. ಅವನ ಸಚಿವನು ಬೀಚಣ. ಜನರ ಬಾಯಲ್ಲಿ ಬೀಚಿರಾಜ. ಈ ಬೀಚಣನು ಊರಿನಲ್ಲಿ ಕಟ್ಟಿಸಿದ ಬಸದಿಗೆ ದೊರೆಯ ವಂಶದ ಹೆಸರನ್ನೇ ಇಟ್ಟು ರಟ್ಟ ಜಿನಾಲಯವೆಂದು ಕರೆದನು. ಶಕ 1127ರ ರಕ್ತಾಕ್ಷಿ ಸಂವತ್ಸರದ ಪುಷ್ಯಮಾಸದಲ್ಲಿ, ಅಂದರೆ 1204ರ ಡಿಸೆಂಬರಿನಲ್ಲಿ, ಆ ಬಸದಿಗೆ ದಾನಗಳು ನಡೆದವು. ಎರಡು ಕಲ್ಲುಗಳ ಮೇಲೆ ಅವು ದಾಖಲಾದವು. ಶಾಸನವನ್ನು ರಚಿಸಿದವನು ಬಾಲಚಂದ್ರ ಕವಿಕಂದರ್ಪನೆಂಬ ಕವಿ. ಆ ಕಲ್ಲುಗಳು ಈಗ ಕೋಟೆಯಲ್ಲಿಲ್ಲ. ಆಂಗ್ಲರ ಕಾಲದಲ್ಲಿಯೇ ಅಲ್ಲಿಂದ ಸಾಗಿಸಲ್ಪಟ್ಟವು. ಅವುಗಳ ಪಾಠವನ್ನು ಲಯೊನೆಲ್ ಬಾರ್ನೆಟ್ ಎಂಬ ವಿದ್ವಾಂಸರು ಎಪಿಗ್ರಾಫಿಯಾ ಇಂಡಿಕಾದ 13ನೆಯ ಸಂಪುಟದಲ್ಲಿ ಪ್ರಕಟಿಸಿದ್ದಾರೆ.

ಕೋಟೆಯ ಮೊದಲ ರೂಪವನ್ನೂ ಬೀಚಿರಾಜನ ಹೆಸರಿಗೇ ಹೇಳುವುದು ವಾಡಿಕೆ. ಪ್ರವಾಸಿ ಪುಸ್ತಕಗಳೆಲ್ಲ 1204 ಎಂದು ಬರೆಯುತ್ತವೆ. ಆದರೆ ಆ ವರ್ಷ ಬಂದದ್ದು ಬಸದಿಯ ದಾನಪತ್ರದಿಂದ ಎಂಬುದನ್ನು ನೆನಪಿಡಬೇಕು. ಆ ಕಲ್ಲುಗಳಿಗೆ ಮುಖ್ಯವಾದದ್ದು ಗೋಡೆಯಲ್ಲ, ಬಸದಿಯ ನಿತ್ಯದ ಖರ್ಚು. ಇತಿಹಾಸ ಓದುವವರು ಸಾಮಾನ್ಯವಾಗಿ ಶಾಸನದ ಆರಂಭದಲ್ಲಿರುವ ರಾಜವಂಶದ ಹೊಗಳಿಕೆಯನ್ನು ಗಮನವಿಟ್ಟು ಓದಿ, ಕೊನೆಯಲ್ಲಿ ಬರುವ ದಾನದ ವಿವರಗಳನ್ನು ಬಿಟ್ಟುಬಿಡುತ್ತಾರೆ. ಲೆಕ್ಕಪತ್ರ ನೋಡಿ ಅಭ್ಯಾಸವಿರುವವರು ಇದರ ವಿರುದ್ಧ ದಿಕ್ಕಿನಿಂದ ಓದುತ್ತಾರೆ. ಅಧ್ಯಕ್ಷರ ಭಾಷಣವನ್ನು ಬದಿಗಿಟ್ಟು ಮೊದಲು ಪರಿಶಿಷ್ಟವನ್ನು ತೆರೆಯುವುದು ಆ ವೃತ್ತಿಯ ಗುಣ. ಹಾಗೆ ಓದಿದರೆ ಬೆಳಗಾವಿಯ ಈ ಎರಡು ಕಲ್ಲುಗಳು ಎಂಟುನೂರು ವರ್ಷಗಳ ಹಿಂದಿನ ಒಂದು ಟ್ರಸ್ಟಿನ ದಸ್ತಾವೇಜಿನಂತೆ ತೋರುತ್ತವೆ.

ಒಂದು ಕಲ್ಲು ಸ್ಥಿರಾಸ್ತಿಯದು. ಕೂಂಡಿ ನಾಡಿನ ಊರೊಂದರ ಉತ್ಪನ್ನವನ್ನು ಬಸದಿಗೆ ಬಿಟ್ಟುಕೊಟ್ಟ ವಿವರ ಅದರಲ್ಲಿದೆ. ಇನ್ನೊಂದು ಕಲ್ಲು ವೇಣುಗ್ರಾಮದ ಭೂಮಿಯನ್ನೂ ವರ್ತಕರು ಒಪ್ಪಿಕೊಂಡ ಆಯವನ್ನೂ ಹೇಳುತ್ತದೆ. ಸ್ವೀಕರಿಸಿದವರು ಬಸದಿಯ ಆಚಾರ್ಯರಾದ ಶುಭಚಂದ್ರ ಭಟ್ಟಾರಕರು. ಮೂಲಸಂಘ, ಕೊಂಡಕುಂದಾನ್ವಯ, ದೇಸಿಗಣ, ಪುಸ್ತಕಗಚ್ಛ, ಹನಸೋಗೆಯ ಬಳಿ. ದೇಸಿಗಣವೆಂಬ ಮಾತು ಕಿವಿಗೆ ಬಿದ್ದೊಡನೆ ರಾಮತೀರ್ಥದ ತ್ರಿಕಾಲಯೋಗಿಗಳು ನೆನಪಾಗಬೇಕು. ಇವರಿಬ್ಬರ ನಡುವೆ ಎರಡು ಶತಮಾನಗಳ ಅಂತರವಿದೆ. ಒಬ್ಬರು ಪೂರ್ವ ಕರಾವಳಿಯ ಬೆಟ್ಟದಲ್ಲಿ, ಇನ್ನೊಬ್ಬರು ಸಹ್ಯಾದ್ರಿಯ ಅಂಚಿನಲ್ಲಿ. ಆದರೂ ಗಣ ಒಂದೇ.

ಬಸದಿಗೆ ದಾನ ಕೊಡುವಾಗ ಉದ್ದೇಶವನ್ನು ಬರೆಯುವುದು ಆ ಕಾಲದ ಪದ್ಧತಿ: ದೇವರ ಪೂಜೆ, ಮುನಿಗಳ ಆಹಾರದಾನ, ಮತ್ತು ಖಂಡಸ್ಫುಟಿತ ಜೀರ್ಣೋದ್ಧಾರ. ಈ ಕೊನೆಯ ಮಾತು ಬಸದಿಗಳ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಒಡೆದದ್ದನ್ನು, ಬಿರುಕು ಬಿಟ್ಟದ್ದನ್ನು, ಹಳತಾದದ್ದನ್ನು ಸರಿಪಡಿಸುವುದು ಎಂದರ್ಥ. ಕಟ್ಟಡ ಕಟ್ಟಿದ ದಿನವೇ ಅದು ಒಡೆಯುವ ದಿನಕ್ಕೆ ಹಣ ತೆಗೆದಿರಿಸಿದ ಜನ ಅವರು. ಇಂದು ಪಂಚಕಲ್ಯಾಣಕ್ಕೆ ಲಕ್ಷಗಟ್ಟಲೆ ಸವಾಲು ಕೂಗಿ, ಮುಂದಿನ ಮಳೆಗಾಲದ ಸೋರಿಕೆಗೆ ಮತ್ತೆ ಚಂದಾ ಎತ್ತುವ ಆಡಳಿತ ಮಂಡಳಿಗಳು ಈ ಮಾತನ್ನು ಕಚೇರಿಯ ಗೋಡೆಯ ಮೇಲೆ ಬರೆಸಿಕೊಂಡರೂ ತಪ್ಪಿಲ್ಲ.

ಇನ್ನು ವರ್ತಕರ ವಿಷಯ. ಈ ಉಪನ್ಯಾಸಕ್ಕೆ ಮುಖ್ಯವಾದ ಭಾಗ ಇದೇ. ಬಸದಿಗೆ ಆಯ ಬಿಟ್ಟುಕೊಡಲು ಸೇರಿದವರಲ್ಲಿ ಸ್ಥಳೀಯ ಮುಮ್ಮುರಿದಂಡದವರಿದ್ದರು. ಇದು ಅಂದಿನ ಪ್ರಬಲ ವರ್ತಕ ಸಂಘ. ಲಾಳ ದೇಶದ, ಅಂದರೆ ಇಂದಿನ ಗುಜರಾತಿನ ಕಡೆಯ ವ್ಯಾಪಾರಿಗಳಿದ್ದರು. ಮಲೆಯಾಳದ ವ್ಯಾಪಾರಿಗಳಿದ್ದರು. ಮನೆಯಲ್ಲಿ ಬೇರೆ ಬೇರೆ ಮಾತಾಡುವ ಇವರೆಲ್ಲ ಒಂದೆಡೆ ಕುಳಿತು ತಮ್ಮ ಸರಕಿನ ಮೇಲೆ ಇಂತಿಷ್ಟು ಎಂದು ಒಪ್ಪಿಕೊಂಡು, ಆ ಒಪ್ಪಂದವನ್ನು ಕನ್ನಡದಲ್ಲಿ ಬರೆಸಿದರು. ಕನ್ನಡ ಅಲ್ಲಿಯ ವ್ಯವಹಾರ ಭಾಷೆಯಾಗಿತ್ತು ಎಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇಕಾಗಿಲ್ಲ. ಅದೇ ಕಲ್ಲು ಇನ್ನೊಂದು ಸಂಗತಿಗೂ ಸಾಕ್ಷಿ: ಆ ಊರು ಒಂದೇ ಭಾಷೆಯ ಜನರ ಊರಾಗಿರಲಿಲ್ಲ, ಬಸದಿಯ ಎಣ್ಣೆಬತ್ತಿಗೆ ಹಣ ಕೊಟ್ಟವರೆಲ್ಲ ಕನ್ನಡಿಗರಾಗಿರಲಿಲ್ಲ. ಮೊದಲ ಸಾಕ್ಷ್ಯವನ್ನು ಸ್ವೀಕರಿಸಿ ಎರಡನೆಯದನ್ನು ಮುಚ್ಚಿಡುವುದು ಲೆಕ್ಕ ಪರಿಶೋಧನೆಯ ಭಾಷೆಯಲ್ಲಿ ಅರ್ಧ ವೋಚರು ತೋರಿಸಿದಂತೆ.

ಕೋಟೆ ಇಂದು ಹೇಗಿದೆ ಎಂಬುದನ್ನು ಹೋಗದವರಿಗಾಗಿ ಹೇಳಬೇಕು. ಮೆತ್ತನೆಯ ಕೆಂಪು ಕಲ್ಲಿನ ನೆಲವನ್ನು ಕಡಿದು ಮಾಡಿದ ಅಗಲವಾದ ಕಂದಕ ಸುತ್ತಲೂ ಇದೆ. ಬಾಗಿಲಿನ ಬಳಿ ಗಣಪತಿಯ ಮತ್ತು ದುರ್ಗೆಯ ಗುಡಿಗಳಿವೆ. ಒಳಗೆ ಸೇನೆಯ ವಸತಿ, ಕಚೇರಿಗಳು, ಹಳೆಯ ಬಂಗಲೆಗಳು, ಸಫಾ ಮಸೀದಿ, ರಾಮಕೃಷ್ಣ ಮಿಷನ್ನಿನ ಆಶ್ರಮ. 1892ರಲ್ಲಿ ಬೆಳಗಾವಿಗೆ ಬಂದ ವಿವೇಕಾನಂದರು ಅರಣ್ಯಾಧಿಕಾರಿ ಹರಿಪದ ಮಿತ್ರರ ಮನೆಯಲ್ಲಿ ತಂಗಿದ್ದು ಇಲ್ಲಿಯೇ. ಇವುಗಳ ನಡುವೆ ಕಮಲ ಬಸದಿ. ನವರಂಗದ ಮುಂದಿನ ಮುಖಮಂಟಪದಲ್ಲಿ ತಲೆಯೆತ್ತಿದರೆ ಛಾವಣಿಯಿಂದ ಇಳಿಬಿದ್ದ ಕಲ್ಲಿನ ಕಮಲ. ಅದರ 72 ದಳಗಳಲ್ಲಿ ಭೂತ, ವರ್ತಮಾನ, ಭವಿಷ್ಯತ್ತುಗಳ ಇಪ್ಪತ್ತನಾಲ್ಕು ಇಪ್ಪತ್ತನಾಲ್ಕು ತೀರ್ಥಂಕರರು. ಬಸದಿಗೆ ಹೆಸರು ಬಂದದ್ದು ಈ ಕಮಲದಿಂದ. ಗರ್ಭಗೃಹದಲ್ಲಿ ಕಪ್ಪು ಶಿಲೆಯ ನೇಮಿನಾಥ ಸ್ವಾಮಿ. ಶಾಸನ ಹೇಳುವ ರಟ್ಟ ಜಿನಾಲಯದ ದೇವರಾದರೋ ಶಾಂತಿನಾಥ. ಕಾಗದದಲ್ಲಿರುವ ಹೆಸರಿಗೂ ಸ್ಥಳದಲ್ಲಿರುವ ಬಿಂಬಕ್ಕೂ ಹೀಗೆ ವ್ಯತ್ಯಾಸ ಕಂಡಾಗ ನಡುವೆ ಏನೇನೋ ನಡೆದಿದೆಯೆಂದು ತಿಳಿಯಬೇಕು. ಎಂಟು ಶತಮಾನಗಳು ಕಳೆದ ಯಾವ ಕ್ಷೇತ್ರವೂ ಕಟ್ಟಿದಾಗಿನಂತೆಯೇ ಉಳಿದಿರುವುದಿಲ್ಲ. ಹತ್ತಿರದಲ್ಲೇ ಇನ್ನೊಂದು ಚಿಕ್ಕ ಬಸದಿಯ ಪಾಳು ಇದೆ. ಕಮಲದ ಕೆಳಗೆ ನಿಂತು ಫೋಟೊ ತೆಗೆಸಿಕೊಂಡವರಲ್ಲಿ ಅತ್ತ ಹೆಜ್ಜೆ ಹಾಕುವವರು ಎಷ್ಟೋ ಕಡಿಮೆ.

ಬೆಳಗಾವಿಯ ಸೀಮೆಯಲ್ಲಿ ಒಂದು ಐತಿಹ್ಯವುಂಟು. ನೂರೆಂಟು ಮುನಿಗಳು ಕಾಡಿನಲ್ಲಿ ತಂಗಿದ್ದರಂತೆ. ದೊರೆಯೊಬ್ಬನು ರಾತ್ರಿ ಪಂಜು ಹಿಡಿದು ದರ್ಶನಕ್ಕೆ ಹೋದನಂತೆ. ಪಂಜಿನ ಕಿಡಿ ಪೊದೆಗೆ ಹತ್ತಿ ಧ್ಯಾನದಲ್ಲಿದ್ದ ಮುನಿಗಳೆಲ್ಲ ಅಗ್ನಿಗೆ ಆಹುತಿಯಾದರಂತೆ. ಪ್ರಾಯಶ್ಚಿತ್ತವಾಗಿ ಆ ದೊರೆ ನೂರೆಂಟು ಬಸದಿಗಳನ್ನು ಕಟ್ಟಿಸಿದನಂತೆ. ಕತೆ ಮನ ಕಲಕುವಂಥದು. ಮಕ್ಕಳಿಗೆ ಹೇಳಬೇಕಾದದ್ದು. ಆದರೆ ಇದನ್ನು ಇತಿಹಾಸವೆಂದು ಎತ್ತಿಹಿಡಿದು, ಆ ನೂರೆಂಟನ್ನೂ ಮುಂದೆ ಬಂದವರು ಕೆಡವಿ ಕೋಟೆ ಕಟ್ಟಿದರೆಂದು ಸೇರಿಸಿ, ವೇದಿಕೆಯ ಮೇಲೆ ಕೋಪ ಕೆರಳಿಸುವವರು ಸಮಾಜದೊಳಗೂ ಇದ್ದಾರೆ. ಲಿಖಿತ ಆಧಾರವಿರುವುದು ಒಂದು ಬಸದಿಗೆ, ಉಳಿದು ನಿಂತಿರುವುದು ಕೈಬೆರಳೆಣಿಕೆಗೆ. ಪುಸ್ತಕದಲ್ಲಿ ಇಲ್ಲದ ಆಸ್ತಿಯನ್ನು ತಖ್ತೆಯಲ್ಲಿ ತೋರಿಸಿದರೆ ಇರುವ ಒಂದರ ಬೆಲೆಯೂ ಕಡಿಮೆಯಾಗುತ್ತದೆ.

ಇದರರ್ಥ ಏನೂ ಕೆಡವಲ್ಪಡಲಿಲ್ಲ ಎಂದಲ್ಲ. ಅದನ್ನೂ ನೇರವಾಗಿಯೇ ಹೇಳಬೇಕು. ಸಫಾ ಮಸೀದಿಯ ಕಂಬಗಳ ಮೇಲೆ ಹಳೆಯ ಶಾಸನಗಳಿವೆ. ಒಂದು ಕಾರ್ತವೀರ್ಯನ ಕಾಲದ್ದೆಂದೂ ಇನ್ನೊಂದು ಸೇವುಣ ದೊರೆ ಕೃಷ್ಣನ ಕಾಲದ್ದೆಂದೂ ಗುರುತಿಸಲಾಗಿದೆ. ಹಳೆಯ ಕಟ್ಟಡಗಳ ಕಲ್ಲು ಹೊಸ ಕಟ್ಟಡಗಳಿಗೆ ಹೋಗಿದೆ. ಕೋಟೆಗಳ ಇತಿಹಾಸ ಬಹುಮಟ್ಟಿಗೆ ಹೀಗೆಯೇ. ಈ ಸಂಗತಿಯನ್ನು ಬಚ್ಚಿಡುವುದೂ ಬೇಡ, ಇದರಿಂದ ಎರಡನೆಯದೊಂದು ವ್ಯಾಜ್ಯವನ್ನು ಹುಟ್ಟಿಸುವುದೂ ಬೇಡ. ಕಂಬದ ಮೇಲಿನ ಅಕ್ಷರ ಇಂದಿಗೂ ಓದಲು ಸಿಗುತ್ತಿದೆಯೆಂದರೆ ಅದು ಇಷ್ಟು ಕಾಲ ಮಸೀದಿಯ ನೆರಳಿನಲ್ಲಿ ಉಳಿದದ್ದರಿಂದ ಎಂಬುದೂ ಸತ್ಯವೇ.

ರಟ್ಟರ ಆಳ್ವಿಕೆ ಬಹುಕಾಲ ಬಾಳಲಿಲ್ಲ. ಕಾರ್ತವೀರ್ಯನ ಮಗ ಇಮ್ಮಡಿ ಲಕ್ಷ್ಮಿದೇವನ ಕಾಲಕ್ಕೆ, 1228ರ ಸವದತ್ತಿಯ ಶಾಸನದಲ್ಲಿ, ರಾಜಗುರು ಮುನಿಚಂದ್ರದೇವನನ್ನು ರಟ್ಟರಾಜ್ಯವನ್ನು ನೆಲೆಗೊಳಿಸಿದ ಆಚಾರ್ಯನೆಂದು ಹೊಗಳಲಾಗಿದೆ. ಶಾಸ್ತ್ರದಲ್ಲಿಯೂ ಶಸ್ತ್ರದಲ್ಲಿಯೂ ನಿಪುಣನೆಂಬ ಕೀರ್ತಿ ಆತನದು. ಅಹಿಂಸೆಯನ್ನು ಬೋಧಿಸುವ ಪರಂಪರೆಯ ಗುರುವೊಬ್ಬ ರಾಜ್ಯವಿಸ್ತರಣೆಗೆ ಸಲಹೆಗಾರನಾದದ್ದನ್ನು ಹೆಮ್ಮೆಯಿಂದ ಹೇಳಿಕೊಳ್ಳುವುದು ಸಮಾಜದಲ್ಲಿ ರೂಢಿಯಾಗಿದೆ. ಆ ಹೆಮ್ಮೆಯಲ್ಲಿ ಒಂದಿಷ್ಟು ಸಂಕೋಚವೂ ಬೆರೆತಿದ್ದರೆ ಚೆನ್ನಾಗಿರುತ್ತಿತ್ತು. ಅದಾದ ಕೆಲವೇ ವರ್ಷಗಳಲ್ಲಿ ದೇವಗಿರಿಯ ಸಿಂಘಣನ ದಂಡನಾಯಕನು ರಟ್ಟರನ್ನು ಅಡಗಿಸಿದನು. ಆ ದಂಡನಾಯಕನ ಹೆಸರೂ ಬೀಚಣ. ಒಬ್ಬ ಬೀಚಣ ಕಟ್ಟಿದ, ಇನ್ನೊಬ್ಬ ಬೀಚಣ ಕಿತ್ತುಕೊಂಡ; ಪರೀಕ್ಷೆಗೆ ಓದುವ ವಿದ್ಯಾರ್ಥಿಗಳು ಇಬ್ಬರನ್ನೂ ಒಬ್ಬನೆಂದು ತಿಳಿದು ಅಂಕ ಕಳೆದುಕೊಳ್ಳುವುದುಂಟು.

ಅಲ್ಲಿಂದ ಮುಂದೆ ಕೋಟೆ ಕೈಯಿಂದ ಕೈಗೆ ಹೋಯಿತು. ವಿಜಯನಗರದವರಿಂದ ಬಹಮನಿಗಳು 1472–73ರಲ್ಲಿ ಮಹಮೂದ್ ಗವಾನನ ನೇತೃತ್ವದಲ್ಲಿ ಗೆದ್ದುಕೊಂಡರು. ಮದ್ದುಗುಂಡಿನ ಬಳಕೆ ಆ ಮುತ್ತಿಗೆಯಲ್ಲಿ ಪ್ರಸಿದ್ಧವಾಯಿತು. ಬಿಜಾಪುರದ ಆದಿಲಶಾಹಿಗಳ ಕಾಲದಲ್ಲಿ ಅಸದಖಾನನೆಂಬ ಸಮರ್ಥ ಅಧಿಕಾರಿ ಇಲ್ಲಿ ನೆಲೆಸಿ, ಸುಲ್ತಾನನೂ ಅಂಜುವಷ್ಟು ಬೆಳೆದನು. ಆಮೇಲೆ ಮೊಗಲರು, ಮರಾಠರು, ನಡುವೆ ಹೈದರಾಲಿ, ಮತ್ತೆ ಮರಾಠರು. ಕೊನೆಗೆ 1818ರ ಏಪ್ರಿಲಿನಲ್ಲಿ ಥಾಮಸ್ ಮನ್ರೋ ಮುತ್ತಿಗೆ ಹಾಕಿ ಕೋಟೆಯನ್ನು ಕಂಪನಿಗೆ ಸೇರಿಸಿದನು. ಈ ಯಾದಿಯಲ್ಲಿ ಕನ್ನಡಿಗರೂ ಇದ್ದಾರೆ, ಮರಾಠರೂ ಇದ್ದಾರೆ, ಪಾರಸಿ ಆಡಿದವರೂ ಇಂಗ್ಲಿಷರೂ ಇದ್ದಾರೆ. ಕೋಟೆಯ ಒಡೆತನವನ್ನು ಆಳಿದವರ ಮಾತಿನಿಂದ ನಿರ್ಣಯಿಸುವುದಾದರೆ ಯಾವ ವರ್ಷದ ಪುಟವನ್ನು ತೆರೆದಿರೋ ಅದರ ಮೇಲೆ ತೀರ್ಪು ನಿಲ್ಲುತ್ತದೆ. 1204 ತೆರೆದರೆ ಒಂದು ತೀರ್ಪು, 1780 ತೆರೆದರೆ ಇನ್ನೊಂದು.

ಇಂದಿನ ವ್ಯಾಜ್ಯಕ್ಕೆ ಬರೋಣ. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ಸು ಬೆಳಗಾವಿಯಲ್ಲಿ ಸೇರಿದಾಗ ಅದರ ಜೊತೆಯಲ್ಲಿಯೇ ಕರ್ನಾಟಕ ಏಕೀಕರಣದ ಸಮ್ಮೇಳನವೂ ನಡೆಯಿತು. ಆಗ ಊರು ಮುಂಬಯಿ ಪ್ರಾಂತದಲ್ಲಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೆಳಗಾವಿ ಜಿಲ್ಲೆ ಚಂದಗಡ ತಾಲ್ಲೂಕನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಬಂದಿತು. ನಗರದಲ್ಲಿ ಮರಾಠಿ ಮಾತಾಡುವವರು ಹೆಚ್ಚಿದ್ದರು ಎಂಬುದನ್ನು 1951ರ ಜನಗಣತಿಯೇ ಹೇಳುತ್ತದೆ. ಕನ್ನಡದ ಪಕ್ಷದವರು ಇದನ್ನು ಅಲ್ಲಗಳೆಯಬೇಕಾಗಿಲ್ಲ. 1966ರಲ್ಲಿ ನೇಮಕವಾದ ಮೆಹರ್‌ಚಂದ್ ಮಹಾಜನ್ ಆಯೋಗ 1967ರ ಆಗಸ್ಟಿನಲ್ಲಿ ವರದಿ ಕೊಟ್ಟಿತು. ಬೆಳಗಾವಿ ನಗರವನ್ನು ಮೂರು ಕಡೆಯಿಂದ ಕನ್ನಡ ಪ್ರದೇಶ ಸುತ್ತಿದೆ, ಅದು ಮೈಸೂರಿನಲ್ಲಿಯೇ ಉಳಿಯಬೇಕು ಎಂದಿತು. ಅದೇ ವರದಿ 264 ಹಳ್ಳಿಗಳನ್ನು ಮಹಾರಾಷ್ಟ್ರಕ್ಕೆ ಕೊಡಬೇಕೆಂದೂ, ಜತ್ತ, ಅಕ್ಕಲಕೋಟೆ, ಸೊಲ್ಲಾಪುರದ ಕಡೆಯ ಕನ್ನಡ ಹಳ್ಳಿಗಳನ್ನು ಮೈಸೂರಿಗೆ ಸೇರಿಸಬೇಕೆಂದೂ ಹೇಳಿತು. ಮಹಾರಾಷ್ಟ್ರ ಒಪ್ಪಲಿಲ್ಲ. 2004ರಲ್ಲಿ ಅದು ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿತು. ಕರ್ನಾಟಕ 2012ರಲ್ಲಿ ಅಲ್ಲಿ ಸುವರ್ಣ ವಿಧಾನಸೌಧವನ್ನೇ ಕಟ್ಟಿ ಉದ್ಘಾಟಿಸಿತು.

ಈ ವರದಿಯನ್ನು ಗಮನಿಸಿದವರಿಗೆ ಒಂದು ಅಂಶ ಹೊಳೆಯುತ್ತದೆ. ಆಯೋಗ ಬೆಳಗಾವಿಯನ್ನು ಕರ್ನಾಟಕದಲ್ಲಿ ಉಳಿಸಲು ಒತ್ತಿದ್ದು ಸುತ್ತಲಿನ ಭೂಗೋಳದ, ಜನರ ನಿತ್ಯದ ಆಡಳಿತದ ಸಂಗತಿಗಳ ಮೇಲೆ. ರಟ್ಟರ ಕಲ್ಲಿನ ಮೇಲಲ್ಲ. ಕರ್ನಾಟಕದ ವಾದ ಗಟ್ಟಿಯಾಗಿರುವುದೂ ಆ ಕಾರಣದಿಂದಲೇ. ಆಂಧ್ರದಲ್ಲಿ ನೆಲೆಸಿದವರಿಗೆ ಬಳ್ಳಾರಿಯ ಉದಾಹರಣೆ ಹತ್ತಿರದ್ದು. 1953ರಲ್ಲಿ ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೂ ಉಳಿದ ಬಹುಭಾಗ ಮೈಸೂರಿಗೂ ಹೋದವು. ಆದೋನಿಯಲ್ಲಿಯೂ ರಾಯದುರ್ಗದಲ್ಲಿಯೂ ಬಳ್ಳಾರಿಯಲ್ಲಿಯೂ ಕೋಟೆಗಳಿವೆ, ಎಲ್ಲ ಕಡೆಯೂ ಕನ್ನಡದ ಕಲ್ಲುಗಳಿವೆ. ಅಂದು ಎರಡು ಕಡೆಯೂ ಕಹಿಯಿತ್ತು. ಇಂದು ರಾಯದುರ್ಗದ ವ್ಯಾಪಾರಿ ಬಳ್ಳಾರಿಗೆ ಹೋಗಿ ಬರುವಾಗ ಯಾವ ಬಾವುಟದ ಕಡೆಗೂ ನೋಡುವುದಿಲ್ಲ.

ಬೆಳಗಾವಿಯ ಗಡಿ ಹಾಗಾಗಿಲ್ಲ. 2022ರ ಡಿಸೆಂಬರಿನಲ್ಲಿ ಏನಾಯಿತೆಂದು ಎಲ್ಲರಿಗೂ ನೆನಪಿದೆ. ಎರಡೂ ಕಡೆಯ ವಾಹನಗಳಿಗೆ ಕಲ್ಲು, ಮಸಿ. ಬಸ್ಸುಗಳ ಓಡಾಟ ಅಸ್ತವ್ಯಸ್ತ. ದೆಹಲಿಯಲ್ಲಿ ಗೃಹಸಚಿವರು ಇಬ್ಬರು ಮುಖ್ಯಮಂತ್ರಿಗಳನ್ನು ಕೂರಿಸಿಕೊಂಡು ಕೋರ್ಟಿನ ತೀರ್ಪಿನವರೆಗೆ ಯಾರೂ ಹಕ್ಕು ಸಾಧಿಸಬಾರದೆಂದು ಒಪ್ಪಿಸಿದ್ದು. ಅದಾದ ಎರಡೇ ವಾರದೊಳಗೆ ಎರಡೂ ವಿಧಾನಮಂಡಲಗಳು ಪರಸ್ಪರ ವಿರುದ್ಧ ನಿರ್ಣಯಗಳನ್ನು ಅಂಗೀಕರಿಸಿದ್ದು. ಆ ದಿನಗಳಲ್ಲಿ ಕಮಲ ಬಸದಿಯ ಚಿತ್ರವನ್ನೂ 1204ರ ಶಾಸನವನ್ನೂ ಹಿಡಿದು ದೂರದ ಊರುಗಳ ಕನ್ನಡ ಜೈನ ಬಳಗಗಳಲ್ಲಿ ಆವೇಶದ ಸಂದೇಶಗಳು ಹರಿದಾಡಿದರೆ ಆಶ್ಚರ್ಯವಿಲ್ಲ. ದೂರದಲ್ಲಿರುವವರಿಗೆ ಆವೇಶ ಅಗ್ಗ. ಬಸ್ಸಿನ ಕಿಟಕಿಯ ಗಾಜು ಒಡೆದಾಗ ಒಳಗಿರುವವರು ನಿಪ್ಪಾಣಿಯ ಅತ್ತೆಯ ಮನೆಯಿಂದ ಇಚಲಕರಂಜಿಯ ತವರಿಗೆ ಹೋಗುತ್ತಿರುವ ಹೆಣ್ಣುಮಗಳು ಮತ್ತು ಅವಳ ಮಕ್ಕಳು.

ಏಕೆಂದರೆ ಈ ಗಡಿ ಜೈನ ಸಮಾಜದ ಅಂಗಳದಲ್ಲಿಯೇ ಹಾದುಹೋಗಿದೆ. ಬೆಳಗಾವಿ, ಕೊಲ್ಹಾಪುರ, ಸಾಂಗಲಿಗಳ ಚತುರ್ಥ ಮತ್ತು ಪಂಚಮ ಕುಟುಂಬಗಳಲ್ಲಿ ಒಂದೇ ಮನೆಯ ಹಿರಿಯ ಸೊಸೆ ಕನ್ನಡ, ಕಿರಿಯ ಸೊಸೆ ಮರಾಠಿ. ದಕ್ಷಿಣ ಮಹಾರಾಷ್ಟ್ರ ಜೈನ ಸಭೆ 1899ರಲ್ಲಿ ಹುಟ್ಟಿದ್ದು ನಿಪ್ಪಾಣಿಯ ಹತ್ತಿರದ ಸ್ತವನಿಧಿಯಲ್ಲಿ. ಹೆಸರಿನಲ್ಲಿ ಮಹಾರಾಷ್ಟ್ರ, ಹುಟ್ಟಿದ ನೆಲ ಇಂದಿನ ಕರ್ನಾಟಕ. ಕೊಲ್ಹಾಪುರ, ಸಾಂಗಲಿ, ಬೆಳಗಾವಿ, ಹುಬ್ಬಳ್ಳಿಗಳಲ್ಲಿ ಅದು ನಡೆಸಿದ ಬೋರ್ಡಿಂಗುಗಳಲ್ಲಿ ಉಂಡು ಓದಿದ ರೈತರ ಮಕ್ಕಳಿಗೆ ಯಾರೂ ಮನೆಮಾತನ್ನು ಕೇಳಿ ಊಟ ಬಡಿಸಲಿಲ್ಲ. ಆ ಸಭೆಯನ್ನು ಕಟ್ಟಿದವರಲ್ಲಿ ಪ್ರಮುಖರಾದ ಅಣ್ಣಾಸಾಹೇಬ ಲಠ್ಠೆಯವರು ಬೆಳಗಾವಿಯಲ್ಲಿ ವಕೀಲಿ ನಡೆಸಿದವರು, ಕೊಲ್ಹಾಪುರದ ದಿವಾನರಾದವರು, 1937ರಲ್ಲಿ ಮುಂಬಯಿ ಸರಕಾರದ ಹಣಕಾಸು ಸಚಿವರಾದವರು. ಚಿಕ್ಕೋಡಿ ಸೀಮೆಯ ಸದಲಗಾದಲ್ಲಿ ಹುಟ್ಟಿದ ಡಾ. ಆ.ನೇ. ಉಪಾಧ್ಯೆಯವರು ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿ ಕಲಿಸುತ್ತ ಬಾಳನ್ನು ಸವೆಸಿದರು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಮಹಾಜನ್ ವರದಿ ಬಂದ ವರ್ಷವೂ ಅದೇ. ಅವರನ್ನು ಗಡಿಯ ಯಾವ ಬದಿಗೆ ಬರೆದುಕೊಳ್ಳಬೇಕು?

ಒಂದು ಸಣ್ಣ ಕಾನೂನಿನ ಸಂಗತಿ ಈ ಮಾತಿಗೆ ಒದಗುತ್ತದೆ. 1956ರಲ್ಲಿ ನಕ್ಷೆಯ ಗೆರೆ ಬದಲಾದರೂ 1950ರ ಬಾಂಬೆ ಪಬ್ಲಿಕ್ ಟ್ರಸ್ಟ್ಸ್ ಕಾಯ್ದೆ ಬೆಳಗಾವಿಯ ಭಾಗದಲ್ಲಿ ದಶಕಗಳ ಕಾಲ ಮುಂದುವರಿಯಿತು. ರಾಜ್ಯ ಯಾವುದೇ ಇರಲಿ, ಟ್ರಸ್ಟಿಗಳು ಲೆಕ್ಕ ಒಪ್ಪಿಸುವ ಹೊಣೆ ಮಾತ್ರ ಮೊದಲಿನಂತೆಯೇ ಇತ್ತು.

ಬೆಳಗಾವಿ ಕರ್ನಾಟಕದಲ್ಲಿಯೇ ಉಳಿಯಬೇಕು, ಮಹಾಜನ್ ವರದಿಯೇ ಇದಕ್ಕೆ ಸಾಕಾದ ಆಧಾರ ಎಂಬ ನಿಲುವಿನಲ್ಲಿ ತಪ್ಪಿಲ್ಲ. ಈ ಉಪನ್ಯಾಸದ ನಿಲುವೂ ಅದೇ. ತಪ್ಪಿರುವುದು ಬಸದಿಯನ್ನು ಕಟಕಟೆಗೆ ಎಳೆದು ಒಂದು ಭಾಷೆಯ ಪರವಾಗಿ ಸಾಕ್ಷಿ ನುಡಿಸುವುದರಲ್ಲಿ. ಇಂದು ಕನ್ನಡದ ಪರವಾಗಿ ನುಡಿಸಿದರೆ ನಾಳೆ ಕೊಲ್ಹಾಪುರದ ಸೀಮೆಯ ಬಸದಿಯೊಂದನ್ನು ಇನ್ನೊಬ್ಬರು ಮರಾಠಿಯ ಪರವಾಗಿ ನುಡಿಸುತ್ತಾರೆ. ಆಗ ಮನೆಯೊಳಗಿನ ಇಬ್ಬರು ಸೊಸೆಯರೂ ಎದುರು ಬದಿರು ನಿಲ್ಲಬೇಕಾಗುತ್ತದೆ. ಬೀಚಣನ ಕಲ್ಲು ಕೇಳಿಕೊಂಡದ್ದು ಪೂಜೆ, ಆಹಾರ, ದುರಸ್ತಿ ಈ ಮೂರನ್ನು. ಕಮಲ ಬಸದಿಯ ರಕ್ಷಣೆ ಪುರಾತತ್ತ್ವ ಇಲಾಖೆಯ ಕೈಯಲ್ಲಿದೆ. ಆ ಚಿಕ್ಕ ಬಸದಿಯ ಪಾಳು, ಕೂಂಡಿ ನಾಡಿನ ಹಳ್ಳಿಹಳ್ಳಿಗಳಲ್ಲಿ ಛಾವಣಿ ಸೋರುತ್ತಿರುವ ಬಸದಿಗಳು, ಇನಾಮು ಭೂಮಿಯ ಕಾಗದ ಎಲ್ಲಿದೆಯೆಂದು ತಿಳಿಯದ ಆಡಳಿತ ಮಂಡಳಿಗಳು, ಇವು ಸಮಾಜದ ಕೈಯಲ್ಲಿವೆ. ಹೊರನಾಡಿನಲ್ಲಿ ದುಡಿಯುತ್ತಿರುವ ಕುಟುಂಬಗಳು ಊರಿನ ಬಸದಿಗೆ ಹಣ ಕಳುಹಿಸುವಾಗ ರಸೀದಿ ಕೇಳಬೇಕು, ವರ್ಷದ ಜಮಾಖರ್ಚು ಕೇಳಬೇಕು, ದುರಸ್ತಿಯ ನಿಧಿಯನ್ನು ಉತ್ಸವದ ನಿಧಿಯಿಂದ ಬೇರೆಯಿಟ್ಟಿದ್ದಾರೆಯೇ ಎಂದು ಕೇಳಬೇಕು. ಹೀಗೆ ಕೇಳಿದರೆ ಊರಿನ ಹಿರಿಯರಿಗೆ ಬೇಸರವಾಗುತ್ತದೆ ಎಂಬ ಭಯವಿದೆ. ಎಂಟುನೂರು ವರ್ಷಗಳ ಹಿಂದೆ ಲಾಳದ ವರ್ತಕನೂ ಮಲೆಯಾಳದ ವರ್ತಕನೂ ಕೊಟ್ಟದ್ದನ್ನು ಕಲ್ಲಿನಲ್ಲಿ ಕೆತ್ತಿಸಿಕೊಂಡೇ ಕೊಟ್ಟರು. ಯಾರಿಗೂ ಬೇಸರವಾದಂತೆ ಕಾಣುವುದಿಲ್ಲ.

ಹಿಂದಿನ ಸಾಲಿನ ಮಕ್ಕಳಿಗೆ ಒಂದು ಮಾತು. ಬೆಳಗಾವಿ ದೂರ, ರಜೆಯಲ್ಲಿ ಹೋದಾಗ ಕಮಲವನ್ನೂ ಅದರಾಚೆಯ ಪಾಳನ್ನೂ ನೋಡಿ ಬನ್ನಿ. ರಾಮತೀರ್ಥ ಹತ್ತಿರ. ಬಿಸಿಲೇರುವ ಮುಂಚೆ ದುರ್ಗಕೊಂಡ ಹತ್ತುವುದು ಸುಲಭ. ಜೊತೆಯಲ್ಲಿ ತೆಲುಗು ಓದಬಲ್ಲ ಗೆಳೆಯರೊಬ್ಬರನ್ನು ಕರೆದೊಯ್ಯಿರಿ. ಆ ಕಾಲದಲ್ಲಿ ಎರಡು ಭಾಷೆಗಳ ಲಿಪಿ ಒಂದೇ ಆಗಿತ್ತು. ಯಾರಿಗೆ ಎಷ್ಟು ಅಕ್ಷರ ಗುರುತು ಸಿಗುತ್ತದೆಯೋ ನೋಡೋಣ.